ವಿದ್ವತ್ಪತ್ರಿಕೆಗಳ ಭಾಂಡಾರ

೧

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ನಮ್ಮ ಪೂರ್ವಿಕರು ಹೇಳುತ್ತ ಬಂದಿರುವರು. ಅದನ್ನು ಕಳ್ಳನು ಕದಿಯಲಾರನು. ದಾಯಾದಿಯು ಅದರಲ್ಲಿ ಪಾಲು ಕೇಳಲಾರನು. ವಿದ್ಯೆಯ ವಿಷಯದಲ್ಲಿ ಈ ಮಾತು ಸತ್ಯವೇ ಸರಿ. ಆದರೆ ವಿದ್ಯೆಯನ್ನು ಹೊತ್ತಿರುವ ಕಾಗದದ ವಿಷಯದಲ್ಲಿ ಹೀಗೆ ಹೇಳಲಾಗದು. ಕಾಗದವು ಸ್ಥಳವನ್ನು ಬೇಡುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ, ಹಣ ಕೊಟ್ಟವನ ಕೈಗಲ್ಲದೆ ಇತರರ ಕೈಗೆ ಸುಲಭವಾಗಿ ಬಾರದು. ಕಳೆದ ಮೂವತ್ತು ವರ್ಷಗಳಿಂದೀಚೆಗೆ ಪ್ರಪಂಚದ ವಿದ್ವತ್ಪತ್ರಿಕೆಗಳಲ್ಲಿ ಬಹುಭಾಗವು ಕಾಗದವನ್ನು ಬಿಟ್ಟು ಗಣಕಯಂತ್ರದ ತೆರೆಯ ಮೇಲೆ ಬಂದು ನೆಲಸಿದೆ. ಈ ಮಾರ್ಪಾಡು ಹೇಗೆ ನಡೆಯಿತು, ಅದರಿಂದ ಯಾವ ಕಷ್ಟವು ನೀಗಿತು, ಯಾವ ಕಷ್ಟವು ಉಳಿಯಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ವಿದ್ವತ್ಪತ್ರಿಕೆಯೆಂದರೆ ಶಾಸ್ತ್ರಜ್ಞರು, ಇತಿಹಾಸಕಾರರು, ವೈದ್ಯರು ಮೊದಲಾದವರು ತಾವು ಹೊಸದಾಗಿ ಕಂಡುಕೊಂಡುದನ್ನು ತಮ್ಮ ಸಮಾನರ ಪರೀಕ್ಷೆಗೆ ಒಪ್ಪಿಸುವ ಸ್ಥಾನ. ಈ ಪದ್ಧತಿಯು ಕ್ರಿ. ಶ. ೧೬೬೫ರಲ್ಲಿ ಆರಂಭವಾಯಿತು. ಆ ವರ್ಷದ ಜನವರಿಯಲ್ಲಿ ಪ್ಯಾರಿಸಿನ ದೆನಿ ದ ಸಾಲೋ ಎಂಬವನು ‘ಜೂರ್ನಾಲ್ ದೆ ಸಾವಾಂ’ ಎಂಬ ಪತ್ರಿಕೆಯನ್ನೂ, ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗನು ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬುದನ್ನೂ ಹೊರಡಿಸಿದರು. ಅದಕ್ಕೆ ಮುಂಚೆ ಪಂಡಿತರು ಒಬ್ಬರಿಗೊಬ್ಬರು ಕಾಗದ ಬರೆದು ತಮ್ಮ ಶೋಧಗಳನ್ನು ತಿಳಿಸಿಕೊಳ್ಳುತ್ತಿದ್ದರು. ಓಲ್ಡನ್‌ಬರ್ಗನಿಗೆ ಯೂರೋಪಿನ ನಾನಾ ಕಡೆಗಳಿಂದ ಅಂತಹ ಕಾಗದಗಳು ಬರುತ್ತಿದ್ದವು. ಒಬ್ಬನಿಗೆ ಬಂದ ಕಾಗದವನ್ನು ಹಲವರು ಓದುವಂತೆ ಅಚ್ಚುಮಾಡಿಸಬೇಕೆಂಬ ಬುದ್ಧಿಯಿಂದಲೇ ಪತ್ರಿಕೆಯು ಹುಟ್ಟಿತು. ಬಾಗಿಲನ್ನು ತೆರೆಯುವುದೇ ಅದರ ಜನ್ಮೋದ್ದೇಶವಾಗಿತ್ತೆಂಬುದನ್ನು ನಾವು ಮುಂದೆ ನೆನಪಿನಲ್ಲಿಡಬೇಕು.

ನಮ್ಮ ದೇಶದಲ್ಲಿಯೂ ಈ ಪದ್ಧತಿಯು ತಡವಾಗದೆ ಬೇರೂರಿತು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯು ೧೭೮೮ರಲ್ಲಿ ‘ಏಷ್ಯಾಟಿಕ್ ರಿಸರ್ಚಸ್’ ಎಂಬ ಸಂಪುಟಮಾಲೆಯನ್ನು ಆರಂಭಿಸಿತು. ೧೮೭೨ರಲ್ಲಿ ಜೇಮ್ಸ್ ಬರ್ಜೆಸ್ಸನು ಮುಂಬಯಿಯಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯನ್ನು ಸ್ಥಾಪಿಸಿದನು. ಧಾರವಾಡ, ಬೆಳಗಾವಿ, ಬಿಜಾಪುರ ಪ್ರಾಂತಗಳ ಹಳಗನ್ನಡ ಶಾಸನಗಳನ್ನು ಫ್ಲೀಟನು ಒಂದೊಂದಾಗಿ ಓದಿ ಪ್ರಕಟಿಸಿದುದು ಆ ಪತ್ರಿಕೆಯಲ್ಲಿಯೇ. ಕನ್ನಡನಾಡಿನ ಚರಿತ್ರೆಯನ್ನು ಬರೆಯತೊಡಗಿದವರು ಇಂದಿಗೂ ಅದರ ಹಳೆಯ ಸಂಪುಟಗಳನ್ನು ತಿರುವಿಹಾಕದೆ ಮುಂದೆ ಹೋಗಲಾರರು. ಬೆಂಗಳೂರಿನಲ್ಲಿ ೧೯೩೨ರಲ್ಲಿ ‘ಕರೆಂಟ್ ಸೈನ್ಸ್’ ಹೊರಟಿತು. ೧೯೩೪ರಲ್ಲಿ ಸರ್ ಸಿ. ವಿ. ರಾಮನ್ನರು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಎಂಬ ಸಂಸ್ಥೆಯನ್ನು ಕಟ್ಟಿ ಅದರ ನಡವಳಿಗಳನ್ನು ಅಚ್ಚುಹಾಕಿಸಿದರು.

೨

ಹೀಗೆ ಬೆಳೆದ ಪತ್ರಿಕೆಗಳಿಂದ ಪುಸ್ತಕಾಲಯಗಳಿಗೆ ಎರಡು ಕಷ್ಟಗಳು ಒದಗಿದವು. ಮೊದಲನೆಯದು ಸ್ಥಳದ ಕಷ್ಟ. ಒಂದು ಗ್ರಂಥವನ್ನು ಕೊಂಡರೆ ಅದು ಕಪಾಟಿನಲ್ಲಿ ತನಗೆ ಬೇಕಾದಷ್ಟು ಎಡೆಯನ್ನು ಹಿಡಿದು ಸುಮ್ಮನಿರುತ್ತದೆ. ಪತ್ರಿಕೆಯು ಹಾಗಲ್ಲ, ವರ್ಷವರ್ಷವೂ ಹೊಸ ಸಂಪುಟವು ಬಂದು ಪಕ್ಕದ ಎಡೆಯನ್ನು ಕೇಳುತ್ತದೆ. ಇವುಗಳಲ್ಲಿ ಎಷ್ಟೋ ಸಂಪುಟಗಳನ್ನು ವರ್ಷಕ್ಕೊಮ್ಮೆಯಾದರೂ ತೆರೆಯುವವರಿಲ್ಲ. ಆದರೂ ಯಾವುದು ಯಾವಾಗ ಬೇಕಾಗುವುದೋ ಹೇಳಲಾಗದುದರಿಂದ ಯಾವುದನ್ನೂ ಬಿಸುಡುವಂತಿಲ್ಲ. ಇದರ ಮೇಲೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಗೆ ಬಂದ ಮರದ ತಿರುಳಿನ ಕಾಗದವು ಕೆಲವು ದಶಕಗಳಲ್ಲಿ ಹಳದಿಗಟ್ಟಿ ಮುಟ್ಟಿದರೆ ಮುರಿಯುವಂತಾಗುತ್ತದೆ. ಅಮೆರಿಕದ ಆನ್ ಆರ್ಬರಿನಲ್ಲಿ ಯೂಜೀನ್ ಪವರ್ ಎಂಬವರು ೧೯೩೮ರಲ್ಲಿ ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಪುಟಗಳ ಅತಿ ಸಣ್ಣ ಛಾಯಾಚಿತ್ರಗಳನ್ನು ಸುರುಳಿಗಳಲ್ಲಿ ಮಾರಿದರು. ಸ್ಥಳವೇನೋ ಉಳಿಯಿತು. ಆದರೆ ಸುರುಳಿಯನ್ನು ಯಂತ್ರಕ್ಕೆ ಸಿಕ್ಕಿಸಿ ಒಂದೊಂದು ಪುಟವನ್ನೂ ಉರುಳಿಸಿಕೊಂಡು ಓದುವುದು ಕಣ್ಣಿಗೂ ತಾಳ್ಮೆಗೂ ದೊಡ್ಡ ಶಿಕ್ಷೆಯಾಗಿತ್ತು.

ಎರಡನೆಯದು ಬೆಲೆಯ ಕಷ್ಟ. ವಿದ್ವತ್ಪತ್ರಿಕೆಯ ವ್ಯಾಪಾರವು ಮಿಕ್ಕ ವ್ಯಾಪಾರಗಳಂತಲ್ಲ. ಲೇಖನವನ್ನು ಬರೆದವನಿಗೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಅದನ್ನು ಪರೀಕ್ಷಿಸಿ ಯೋಗ್ಯವೋ ಅಯೋಗ್ಯವೋ ಹೇಳುವ ಪಂಡಿತನಿಗೂ ಬಹುಶಃ ಇಲ್ಲ. ಇವರಿಬ್ಬರ ಸಂಬಳವೂ ಬಹುಮಟ್ಟಿಗೆ ಸಾರ್ವಜನಿಕರ ಹಣದಿಂದ ನಡೆಯುತ್ತದೆ. ಹಾಗಿದ್ದೂ ಅಚ್ಚಾದ ಲೇಖನವನ್ನು ಅದೇ ವಿಶ್ವವಿದ್ಯಾಲಯದ ಪುಸ್ತಕಾಲಯವು ಪ್ರಕಾಶಕನಿಗೆ ಚಂದಾ ಕೊಟ್ಟು ಮರಳಿ ಕೊಳ್ಳಬೇಕು. ಒಂದು ಪತ್ರಿಕೆಯ ಬೆಲೆ ಏರಿತೆಂದು ಅದಕ್ಕೆ ಬದಲಾಗಿ ಇನ್ನೊಂದನ್ನು ತರಿಸುವುದು ಸಾಧ್ಯವಿಲ್ಲ, ಅದರಲ್ಲಿರುವುದು ಇದರಲ್ಲಿಲ್ಲ. ಈ ಮರ್ಮವನ್ನು ಎರಡನೆಯ ಮಹಾಯುದ್ಧದ ತರುವಾಯ ವ್ಯಾಪಾರಿಗಳು ಚೆನ್ನಾಗಿ ಅರಿತುಕೊಂಡರು. ರಾಬರ್ಟ್ ಮ್ಯಾಕ್ಸ್‌ವೆಲ್ಲನು ೧೯೫೧ರಲ್ಲಿ ಕೈಗೆ ತೆಗೆದುಕೊಂಡ ಪರ್ಗಮನ್ ಪ್ರೆಸ್ ನೂರಾರು ಪತ್ರಿಕೆಗಳ ಒಡೆತನವನ್ನು ಪಡೆದು, ೧೯೯೧ರಲ್ಲಿ ಎಲ್ಸೆವಿಯರ್ ಎಂಬ ಇನ್ನೂ ದೊಡ್ಡ ಸಂಸ್ಥೆಯ ವಶವಾಯಿತು. ಕೆಲವೇ ಪ್ರಕಾಶಕರ ಪತ್ರಿಕೆಗಳಿಗಾಗಿ ವರ್ಷಕ್ಕೆ ಸುಮಾರು ೩೭.೫ ಲಕ್ಷ ಡಾಲರು ತೆರಬೇಕಾಗಿದೆಯೆಂದೂ ಇದು ಹೀಗೆಯೇ ನಡೆಯಲಾರದೆಂದೂ ೨೦೧೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪುಸ್ತಕಾಲಯ ಸಲಹಾಮಂಡಲಿಯು ತನ್ನ ಅಧ್ಯಾಪಕರಿಗೆ ತಿಳಿಸಿತು. ಹಾರ್ವರ್ಡಿಗೇ ಭಾರವಾದುದು ಬಡ ಕಾಲೇಜುಗಳಿಗೆ ಹೇಗಾಗಬೇಕು?

೩

ಇವುಗಳಲ್ಲಿ ಮೊದಲನೆಯ ಕಷ್ಟಕ್ಕೆ ಪರಿಹಾರವು ಒಂದು ಸಣ್ಣ ಕಾಲೇಜಿನ ಕಟ್ಟಡದ ಪ್ರಶ್ನೆಯಿಂದ ಹುಟ್ಟಿತು. ಅಮೆರಿಕದ ಓಹಾಯೋ ಸಂಸ್ಥಾನದ ಡೆನಿಸನ್ ವಿಶ್ವವಿದ್ಯಾಲಯದ ಪುಸ್ತಕಾಲಯದಲ್ಲಿ ಪತ್ರಿಕೆಗಳಿಗೆ ಸ್ಥಳ ಸಾಲದಾಯಿತು. ಅಲ್ಲಿಯ ವಿದ್ಯಾರ್ಥಿಯಾಗಿದ್ದು ತರುವಾಯ ಅದರ ಆಡಳಿತಮಂಡಲಿಯ ಸದಸ್ಯರಾದ ವಿಲಿಯಂ ಬೋವೆನ್ನರು ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ನೋಡಿದರು. ಅವರು ೧೯೭೨ರಿಂದ ೧೯೮೮ರ ವರೆಗೆ ಪ್ರಿನ್ಸ್‌ಟನ್ನಿನ ಅಧ್ಯಕ್ಷರಾಗಿದ್ದು, ಆಗ ಆಂಡ್ರ್ಯೂ ಮೆಲನ್ ಪ್ರತಿಷ್ಠಾನದ ಮುಖ್ಯಸ್ಥರಾಗಿದ್ದರು. ಒಂದೇ ಪತ್ರಿಕೆಯ ಒಂದೇ ಸಂಪುಟವನ್ನು ನೂರಾರು ಕಾಲೇಜುಗಳು ನೂರಾರು ಕಟ್ಟಡಗಳಲ್ಲಿ ಏಕೆ ಕಾಯಬೇಕು, ಒಂದು ಕಡೆ ಇಟ್ಟು ಎಲ್ಲರೂ ತಂತಿಯ ಮೂಲಕ ಓದುವಂತಾದರೆ ಸಾಲದೆ ಎಂಬುದು ಅವರ ವಿಚಾರವಾಗಿತ್ತು. ಪ್ರತಿಷ್ಠಾನದ ಧನಸಹಾಯದಿಂದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗವು ಆರಂಭವಾಯಿತು. ಅರ್ಥಶಾಸ್ತ್ರದ ಐದು, ಇತಿಹಾಸದ ಐದು, ಹೀಗೆ ಹತ್ತು ಪತ್ರಿಕೆಗಳನ್ನು ಮೊದಲಿಗೆ ಆರಿಸಿಕೊಂಡರು. ೧೯೯೫ರಲ್ಲಿ ಇದು ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ‘ಜರ್ನಲ್ ಸ್ಟೋರೇಜ್’, ಅಂದರೆ ಪತ್ರಿಕಾಸಂಗ್ರಹ, ಎಂಬ ಮಾತುಗಳನ್ನು ಕುಗ್ಗಿಸಿ ಇದಕ್ಕೆ ‘ಜೇಸ್ಟೋರ್’ ಎಂದು ಹೆಸರಿಟ್ಟರು. ೧೯೯೭ರ ಆದಿಯಲ್ಲಿ ಅದು ಪುಸ್ತಕಾಲಯಗಳ ಉಪಯೋಗಕ್ಕೆ ತೆರೆಯಿತು.

ಈ ಕೆಲಸದ ಕ್ರಮವನ್ನು ತಿಳಿಯುವುದು ನಮಗೂ ಉಪಯುಕ್ತ. ಮೊದಲು ಪತ್ರಿಕೆಯ ಪ್ರಥಮ ಸಂಚಿಕೆಯಿಂದ ಹಿಡಿದು ಎಲ್ಲ ಸಂಪುಟಗಳನ್ನೂ ಒಟ್ಟುಗೂಡಿಸಬೇಕು. ಅನೇಕ ವೇಳೆ ಪತ್ರಿಕೆಯನ್ನು ಹೊರಡಿಸಿದವರ ಬಳಿಯಲ್ಲಿಯೇ ಪೂರ್ಣ ಸಾಲು ಇರುವುದಿಲ್ಲ. ಹಲವು ಪುಸ್ತಕಾಲಯಗಳಿಂದ ಬೇಡಿ ತರಬೇಕಾಗುತ್ತದೆ. ಅನಂತರ ಪುಟಪುಟವನ್ನೂ ಎಣಿಸಿ, ಹರಿದುದು ಯಾವುದು, ಬಿಟ್ಟುಹೋದುದು ಯಾವುದು, ಪುಟಸಂಖ್ಯೆ ತಪ್ಪಾಗಿ ಅಚ್ಚಾದುದು ಯಾವುದು ಎಂದು ಪಟ್ಟಿಮಾಡಬೇಕು. ಆಮೇಲೆ ಪ್ರತಿ ಪುಟದ ಛಾಯಾಪ್ರತಿಯನ್ನು ತೆಗೆಯಬೇಕು. ಕೊನೆಗೆ ಯಂತ್ರವು ಅಕ್ಷರಗಳನ್ನು ಗುರುತಿಸಿ ಅದರ ಪಾಠವನ್ನು ಸಿದ್ಧಪಡಿಸುತ್ತದೆ. ಓದುವವನ ಕಣ್ಣೆದುರಿಗೆ ಬರುವುದು ಅಚ್ಚಾದ ಪುಟದ ಚಿತ್ರ. ಯಂತ್ರದ ಪಾಠವು ಅದರ ಹಿಂದೆ ಅಡಗಿದ್ದು ಹುಡುಕುವ ಕೆಲಸಕ್ಕೆ ಮಾತ್ರ ಒದಗುತ್ತದೆ. ಯಂತ್ರದ ಓದಿನಲ್ಲಿ ದೋಷಗಳಿದ್ದರೂ ಮೂಲವು ಕೆಡಲಿಲ್ಲ. ಪುಟಸಂಖ್ಯೆ, ನಕ್ಷೆ, ಕೋಷ್ಟಕಗಳು ಇದ್ದಂತೆಯೇ ಉಳಿದವು. ಯಾವುದೋ ಅಡಿಟಿಪ್ಪಣಿಯಲ್ಲಿ ನೂರು ವರ್ಷದಿಂದ ಮಲಗಿದ್ದ ಊರಿನ ಹೆಸರೊಂದು ಈಗ ಕ್ಷಣಮಾತ್ರದಲ್ಲಿ ಎದ್ದುಬರುತ್ತದೆ. ಓಲ್ಡನ್‌ಬರ್ಗನು ೧೬೬೫ರಲ್ಲಿ ಆರಂಭಿಸಿದ ಪತ್ರಿಕೆಯ ಹಳೆಯ ಸಂಪುಟಗಳೂ ಈ ಭಾಂಡಾರವನ್ನು ಸೇರಿದವು.

ಇಲ್ಲೊಂದು ತೊಡಕಿತ್ತು. ಎಲ್ಲವೂ ಭಾಂಡಾರದಲ್ಲಿ ದೊರೆತರೆ ಹೊಸ ಸಂಚಿಕೆಗಳಿಗೆ ಚಂದಾ ಕೊಡುವವರಾರು ಎಂದು ಪ್ರಕಾಶಕರು ಅಂಜಿದರು. ಅದಕ್ಕಾಗಿ ‘ಚಲಿಸುವ ಗೋಡೆ’ ಎಂಬ ಏರ್ಪಾಡಾಯಿತು. ಸಾಮಾನ್ಯವಾಗಿ ಈಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳು ಗೋಡೆಯ ಆಚೆ ಇರತಕ್ಕವು. ಒಂದು ವರ್ಷವು ಕಳೆದಂತೆ ಗೋಡೆಯೂ ಒಂದು ವರ್ಷ ಮುಂದಕ್ಕೆ ಸರಿಯತಕ್ಕದ್ದು. ಭಾಂಡಾರದ ಖರ್ಚಿಗಾಗಿ ಪುಸ್ತಕಾಲಯಗಳು ತಮ್ಮ ಗಾತ್ರಕ್ಕೆ ತಕ್ಕ ಶುಲ್ಕವನ್ನು ಕೊಡತಕ್ಕದ್ದು. ಹೀಗೆ ಕಪಾಟಿನ ಕಷ್ಟವು ನೀಗಿತು. ಆದರೆ ಶುಲ್ಕವಿದ್ದ ಮೇಲೆ ಬಾಗಿಲೂ ಇರಬೇಕಷ್ಟೆ. ಬಾಗಿಲಿದ್ದ ಮೇಲೆ ಒಳಗಿನವರು ಹೊರಗಿನವರು ಎಂಬ ಭೇದವೂ ಬಂದೇ ತೀರಬೇಕು.

೪

ಆ ಬಾಗಿಲನ್ನೇ ಇಡದೆ ಕಟ್ಟಿದ ಮನೆಯೊಂದು ಅದಕ್ಕೆ ಮುಂಚೆಯೇ ಇತ್ತು. ೧೯೯೧ರ ಆಗಸ್ಟಿನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತಶಾಸ್ತ್ರಜ್ಞರು ಲಾಸ್ ಅಲಮಾಸಿನಲ್ಲಿ ಒಂದು ಗಣಕಯಂತ್ರವನ್ನಿಟ್ಟು, ತಮ್ಮ ಶಾಸ್ತ್ರದವರು ಲೇಖನಗಳನ್ನು ಅಚ್ಚಾಗುವುದಕ್ಕೆ ಮುಂಚೆಯೇ ಅದರಲ್ಲಿ ಇಡುವಂತೆಯೂ ಯಾರು ಬೇಕಾದರೂ ಉಚಿತವಾಗಿ ಓದುವಂತೆಯೂ ಏರ್ಪಡಿಸಿದರು. ‘ಆರ್ಕೈವ್’ ಎಂದು ಹೆಸರಾದ ಇದು ೨೦೦೧ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದು ಇಂದಿಗೂ ನಡೆಯುತ್ತಿದೆ. ೨೦೦೨ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆಯು ಹೊರಟು, ಪರಿಶೀಲಿತವಾದ ವಿದ್ವಲ್ಲೇಖನಗಳು ಅಂತರಜಾಲದಲ್ಲಿ ಎಲ್ಲರಿಗೂ ಬೆಲೆಯಿಲ್ಲದೆ ದೊರೆಯಬೇಕೆಂಬ ತತ್ತ್ವಕ್ಕೆ ‘ಮುಕ್ತ ಪ್ರವೇಶ’ವೆಂಬ ಹೆಸರು ಸ್ಥಿರವಾಯಿತು.

ಬಾಗಿಲಿನ ಪ್ರಶ್ನೆಯು ಎಷ್ಟು ತೀಕ್ಷ್ಣವಾದುದೆಂಬುದು ೨೦೧೧ರಲ್ಲಿ ಪ್ರಕಟವಾಯಿತು. ಏರನ್ ಸ್ವಾರ್ಟ್ಜ್ ಎಂಬ ತರುಣ ಗಣಕವಿದನು ಮ್ಯಾಸಚೂಸೆಟ್ಸಿನ ಎಂ. ಐ. ಟಿ. ಸಂಸ್ಥೆಯ ಜಾಲದ ಮೂಲಕ ಜೇಸ್ಟೋರಿನಿಂದ ನಲವತ್ತು ಲಕ್ಷಕ್ಕೂ ಮಿಕ್ಕ ಲೇಖನಗಳನ್ನು ಇಳಿಸಿಕೊಂಡನೆಂದು ಆ ವರ್ಷದ ಜನವರಿಯಲ್ಲಿ ಬಂಧಿತನಾದನು. ಜೇಸ್ಟೋರ್ ತನ್ನ ಮಟ್ಟಿಗೆ ಅವನೊಡನೆ ಒಪ್ಪಂದ ಮಾಡಿಕೊಂಡಿತು. ಆದರೆ ಅಮೆರಿಕದ ಸರ್ಕಾರವು ಫೌಜುದಾರಿ ಮೊಕದ್ದಮೆಯನ್ನು ಮುಂದುವರಿಸಿತು. ವಿಚಾರಣೆಯು ನಡೆಯುವುದಕ್ಕೆ ಮೊದಲೇ, ೨೦೧೩ರ ಜನವರಿ ೧೧ರಂದು, ಅವನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಪ್ರಾಣವನ್ನು ಕಳೆದುಕೊಂಡನು. ಅವನು ಮಾಡಿದುದು ಸರಿಯೋ ತಪ್ಪೋ ಎಂಬ ವಾದವು ಇನ್ನೂ ಮುಗಿದಿಲ್ಲ. ಆದರೆ ವಿದ್ಯೆಯನ್ನು ಕದಿಯಲಾಗದೆಂಬ ನಮ್ಮ ಹಳೆಯ ಮಾತಿಗೆ ಈ ಕಾಲದಲ್ಲಿ ಎಂತಹ ವಿಷಮಾರ್ಥವು ಬಂದೊದಗಿತೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.

೨೦೧೧ರ ಸೆಪ್ಟೆಂಬರಿನಲ್ಲಿ ಜೇಸ್ಟೋರ್, ಅಮೆರಿಕದಲ್ಲಿ ೧೯೨೩ಕ್ಕೆ ಮುಂಚೆಯೂ ಇತರ ದೇಶಗಳಲ್ಲಿ ೧೮೭೦ಕ್ಕೆ ಮುಂಚೆಯೂ ಅಚ್ಚಾದ ಸುಮಾರು ಐದು ಲಕ್ಷ ಲೇಖನಗಳನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಮುಂದಿನ ತಿಂಗಳು ರಾಯಲ್ ಸೊಸೈಟಿಯು ಎಪ್ಪತ್ತು ವರ್ಷಕ್ಕೆ ಹಿಂದಿನ ತನ್ನ ಲೇಖನಗಳನ್ನೆಲ್ಲ ಹಾಗೆಯೇ ತೆರೆಯಿತು. ಇದೇ ವರ್ಷ ಕಜಕಸ್ಥಾನದ ಅಲೆಕ್ಸಾಂಡ್ರ ಎಲ್ಬಕ್ಯಾನ್ ಎಂಬಾಕೆಯು ‘ಸೈ-ಹಬ್’ ಎಂಬುದನ್ನು ಸ್ಥಾಪಿಸಿ, ಪ್ರಕಾಶಕರ ಅನುಮತಿಯನ್ನು ಕೇಳದೆ ಕೋಟ್ಯಂತರ ಲೇಖನಗಳನ್ನು ಹಂಚತೊಡಗಿದಳು. ದೊಡ್ಡ ಪ್ರಕಾಶಕರು ೨೦೨೦ರಲ್ಲಿ ದೆಹಲಿಯ ಹೈಕೋರ್ಟಿನಲ್ಲಿ ದಾವೆ ಹೂಡಿದರು. ೨೦೨೫ರಲ್ಲಿ ಅದನ್ನು ನಮ್ಮ ದೇಶದಲ್ಲಿ ತಡೆಯುವಂತೆ ಆಜ್ಞೆಯಾಯಿತು. ಮುಕ್ತ ಪ್ರವೇಶದಲ್ಲಿಯೂ ಒಂದು ಹೊಸ ತೊಂದರೆಯು ತಲೆದೋರಿದೆ. ಓದುವವನಿಂದ ಹಣ ಕೇಳದ ಎಷ್ಟೋ ಪತ್ರಿಕೆಗಳು ಬರೆಯುವವನಿಂದ ಕೇಳುತ್ತವೆ. ಬಾಗಿಲು ತೆರೆಯಿತೆಂದು ಸಂತೋಷಪಡುವಷ್ಟರಲ್ಲಿ ಸುಂಕದ ಕಟ್ಟೆಯು ಹಿತ್ತಲಿಗೆ ಹೋಗಿ ಕುಳಿತಂತಾಯಿತು.

೫

ಇನ್ನು ನಮ್ಮ ದೇಶದ ಸಂಗತಿ. ವಿಶ್ವವಿದ್ಯಾಲಯಗಳ ಪುಸ್ತಕಾಲಯಗಳನ್ನು ಒಂದು ಜಾಲಕ್ಕೆ ಸೇರಿಸುವ ಉದ್ದೇಶದಿಂದ ೧೯೯೧ರಲ್ಲಿ ‘ಇನ್‌ಫ್ಲಿಬ್‌ನೆಟ್’ ಯೋಜನೆಯು ಆರಂಭವಾಗಿ, ೧೯೯೬ರಲ್ಲಿ ಸ್ವತಂತ್ರ ಕೇಂದ್ರವಾಯಿತು. ಈಗ ಅದು ಗಾಂಧೀನಗರದಲ್ಲಿದೆ. ಒಂದೊಂದು ವಿಶ್ವವಿದ್ಯಾಲಯವೂ ಬೇರೆಬೇರೆಯಾಗಿ ಚಂದಾ ಕೊಡುವುದಕ್ಕಿಂತ ಎಲ್ಲರೂ ಕೂಡಿ ಕೇಳಿದರೆ ಪ್ರಕಾಶಕನು ಬೆಲೆಯನ್ನು ಇಳಿಸುವನೆಂಬ ತಿಳಿವಳಿಕೆಯಿಂದ ೨೦೦೩-೦೪ರ ಸುಮಾರಿಗೆ ಒಕ್ಕೂಟಗಳಾದವು. ಕಾಲೇಜುಗಳಿಗಾಗಿ ೨೦೧೦ರಲ್ಲಿ ‘ಎನ್-ಲಿಸ್ಟ್’ ಎಂಬ ಏರ್ಪಾಡಾಯಿತು. ೨೦೧೫ರಲ್ಲಿ ಇವೆಲ್ಲವೂ ‘ಇ-ಶೋಧಸಿಂಧು’ವಿನಲ್ಲಿ ಕೂಡಿಕೊಂಡವು. ಕೊನೆಗೆ ೨೦೨೪ರ ನವೆಂಬರ್ ೨೫ರಂದು ಕೇಂದ್ರ ಮಂತ್ರಿಮಂಡಲವು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆಯನ್ನು ಕೊಟ್ಟಿತು. ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ, ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು, ೬,೩೦೦ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳೂ ಸಂಶೋಧನಾಲಯಗಳೂ, ಸುಮಾರು ೧.೮ ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ೨೦೨೫ರ ಜನವರಿ ೧ರಿಂದ ಇದು ಆಚರಣೆಗೆ ಬಂದಿತು. ದೂರದ ತಾಲ್ಲೂಕಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ನಗರದವನಿಗೆ ದೊರೆಯುವ ಪತ್ರಿಕೆಯೇ ದೊರೆಯಬೇಕೆಂಬ ಇದರ ಉದ್ದೇಶವನ್ನು ಯಾರೂ ಮೆಚ್ಚದಿರಲಾರರು.

ಆದರೂ ಎರಡು ಸಂಗತಿಗಳನ್ನು ಹೇಳಲೇಬೇಕು. ಮೊದಲನೆಯದು, ಈ ಬಾಗಿಲು ತೆರೆದಿರುವುದು ಸಂಸ್ಥೆಯೊಳಗೆ ಇರುವವರಿಗೆ. ನಮ್ಮ ನಾಡಿನ ಸ್ಥಳಚರಿತ್ರೆಯಲ್ಲಿ ಎಷ್ಟೋ ಭಾಗವನ್ನು ಬರೆದವರು ವಿಶ್ವವಿದ್ಯಾಲಯಗಳ ಹೊರಗಿನ ಉಪಾಧ್ಯಾಯರು, ವಕೀಲರು, ವೈದ್ಯರು, ವಿಶ್ರಾಂತ ಅಧಿಕಾರಿಗಳು. ಅಂತಹ ಗೃಹಸ್ಥನೊಬ್ಬನು ಇಂದು ಮನೆಯಲ್ಲಿ ಕುಳಿತು, ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಾಂಡಾರದಲ್ಲಿ ಫ್ಲೀಟನ ಕಾಲದ ‘ಇಂಡಿಯನ್ ಆಂಟಿಕ್ವೆರಿ’ಯ ಸಂಪುಟವನ್ನು ಕಾಸಿಲ್ಲದೆ ಓದಬಹುದು. ಅದೇ ಶಾಸನದ ಮೇಲೆ ಹತ್ತು ವರ್ಷದ ಕೆಳಗೆ ಬಂದ ವಿಮರ್ಶೆಯು ಶುಲ್ಕದ ಬಾಗಿಲಿನ ಹಿಂದೆ ಇದ್ದರೆ ಅದು ಅವನಿಗೆ ದುರ್ಲಭ. ಹಳೆಯ ಮತವು ತೆರೆದಿದ್ದು ಅದರ ತಿದ್ದುಪಡಿಯು ಮುಚ್ಚಿದ್ದರೆ, ತಪ್ಪುಗಳೇ ಹೆಚ್ಚು ಪ್ರಚಾರವಾಗುವುದು ಸಹಜ.

ಎರಡನೆಯದು, ಈಗ ಪುಸ್ತಕಾಲಯಗಳು ಕೊಡುತ್ತಿರುವುದು ಬಹುಮಟ್ಟಿಗೆ ಬಾಡಿಗೆಯೇ ಹೊರತು ಕ್ರಯವಲ್ಲ. ಕಾಗದದ ಕಾಲದಲ್ಲಿ ಚಂದಾ ನಿಂತರೆ ಮುಂದಿನ ಸಂಚಿಕೆಯು ಬಾರದೆ ಹೋಗುತ್ತಿತ್ತು. ಹಿಂದಿನ ಸಂಪುಟಗಳು ಕಪಾಟಿನಲ್ಲಿಯೇ ಇರುತ್ತಿದ್ದವು. ಈಗಲಾದರೋ, ಕರಾರಿನಲ್ಲಿ ಬೇರೆ ರೀತಿಯ ಏರ್ಪಾಡಿಲ್ಲದಿದ್ದರೆ, ಚಂದಾ ನಿಂತ ದಿನವೇ ಹಿಂದಿನದೂ ಕಣ್ಮರೆಯಾಗಬಹುದು. ಈ ಭಯವನ್ನು ಅರಿತು ೧೯೯೯ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪುಸ್ತಕಾಲಯದವರು ‘ಲಾಕ್ಸ್’ ಎಂಬ ಕ್ರಮವನ್ನು ಆರಂಭಿಸಿದರು. ಅನೇಕ ಪುಸ್ತಕಾಲಯಗಳು ಒಂದೇ ಪತ್ರಿಕೆಯ ಪ್ರತಿಗಳನ್ನು ತಮ್ಮತಮ್ಮ ಯಂತ್ರಗಳಲ್ಲಿಟ್ಟು, ಒಂದರಲ್ಲಿ ಕೆಟ್ಟುದನ್ನು ಮತ್ತೊಂದರಿಂದ ಸರಿಪಡಿಸಿಕೊಳ್ಳುವುದು ಅದರ ಮರ್ಮ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಿಗೆ ಇದು ಹೊಸ ಪಾಠವಲ್ಲ. ಒಂದೇ ಕಡೆ ಭದ್ರವಾಗಿಟ್ಟ ಗ್ರಂಥಕ್ಕಿಂತ ಹಲವು ಕೈಗಳಲ್ಲಿರುವ ಗ್ರಂಥವೇ ಹೆಚ್ಚು ಕಾಲ ಬಾಳುತ್ತದೆ.

೬

ದೊಡ್ಡ ಪ್ರಕಾಶಕರೊಡನೆ ಚೌಕಾಶಿ ಮಾಡುವುದು ಸರ್ಕಾರದ ಕೆಲಸ. ಅದು ನಮ್ಮ ಶಕ್ತಿಗೆ ಮೀರಿದುದು. ಆದರೆ ನಮ್ಮಂತಹ ಜಿಲ್ಲಾ ಸಂಘಗಳ ಕೈಯಲ್ಲಿಯೂ ಒಂದು ಬಾಗಿಲಿದೆ. ಕನ್ನಡದ ಹಳೆಯ ಮಾಸಪತ್ರಿಕೆಗಳಲ್ಲಿ ಊರಿನ ಚರಿತ್ರೆ, ಶಾಸನಗಳ ಪಾಠ, ಕವಿಕಾಲನಿರ್ಣಯ, ಜನಪದದ ಸಂಗ್ರಹ ಮೊದಲಾದವು ಚದುರಿಬಿದ್ದಿವೆ. ಇವು ಯಾವ ದೊಡ್ಡ ಚಂದಾ ಯೋಜನೆಯಿಂದಲೂ ನಮಗೆ ದೊರೆಯುವಂತಿಲ್ಲ. ನಾವೇ ಕಾಪಾಡಿ ಕೊಡದಿದ್ದರೆ ಇನ್ನಾರೂ ಕೊಡಲಾರರು.

ಇದಕ್ಕೆ ಬೇಕಾದ ಕ್ರಮವು ಮೇಲೆ ಹೇಳಿದುದೇ. ಸಂಚಿಕೆಗಳ ಪೂರ್ಣ ಸಾಲನ್ನು ಹುಡುಕಿ ಒಟ್ಟುಗೂಡಿಸಬೇಕು. ಸಂಘದಲ್ಲಿಲ್ಲದುದು ಹಳೆಯ ಚಂದಾದಾರರ ಅಟ್ಟದ ಮೇಲೆ ಇರಬಹುದು. ಪುಟಗಳ ಛಾಯಾಪ್ರತಿಯನ್ನು ತೆಗೆಯಬೇಕು. ಅದಕ್ಕಿಂತ ಮುಖ್ಯವಾಗಿ, ಸಂಪುಟ, ಸಂಚಿಕೆ, ಲೇಖನ, ಲೇಖಕ ಇವುಗಳ ಪಟ್ಟಿಯನ್ನು ಎಚ್ಚರಿಕೆಯಿಂದ ಬರೆಯಬೇಕು. ನಮ್ಮ ಒತ್ತಕ್ಷರಗಳನ್ನೂ ಸವೆದ ಮೊಳೆಗಳ ಅಚ್ಚನ್ನೂ ಯಂತ್ರವು ಆಂಗ್ಲ ಲಿಪಿಯಷ್ಟು ಸುಲಭವಾಗಿ ಓದಲಾರದು. ಆದುದರಿಂದ ಕೈಯಿಂದ ಬರೆದ ಪಟ್ಟಿಯಿಲ್ಲದ ಛಾಯಾಪ್ರತಿಯು ಬೀಗದ ಕೈ ಕಳೆದ ಪೆಟ್ಟಿಗೆಯಂತೆ. ಹಕ್ಕಿನ ವಿಷಯದಲ್ಲಿಯೂ ನ್ಯಾಯವಾಗಿ ನಡೆಯಬೇಕು. ೧೯೫೭ರ ಗ್ರಂಥಸ್ವಾಮ್ಯದ ಕಾನೂನಿನಂತೆ, ಈಗ ಜಾರಿಯಲ್ಲಿರುವ ರೂಪದಲ್ಲಿ, ಲೇಖಕನು ಗತಿಸಿದ ವರ್ಷದ ಕೊನೆಯಿಂದ ಅರುವತ್ತು ವರ್ಷ ಹಕ್ಕು ಉಳಿಯುತ್ತದೆ. ಅವಧಿ ಮುಗಿದವರ ಲೇಖನಗಳನ್ನು ಈಗಲೇ ತೆರೆಯಬಹುದು. ಮಿಕ್ಕವರ ವಾರಸುದಾರರನ್ನು ಕಂಡು ಒಪ್ಪಿಗೆಯನ್ನು ಬೇಡಬಹುದು. ತಮ್ಮ ತಂದೆಯದೋ ಅಜ್ಜಿಯದೋ ಬರಹವನ್ನು ನಾಲ್ಕು ಜನ ಓದಲೆಂದು ಕೇಳಿದರೆ ಬೇಡವೆನ್ನುವವರು ವಿರಳ. ಹೀಗೆ ಸಿದ್ಧವಾದ ಪ್ರತಿಗಳನ್ನು ಒಂದೇ ಕಡೆ ಇಡದೆ ಎರಡು ಮೂರು ಕಡೆಗಳಲ್ಲಿಟ್ಟು, ಓದುವವರಿಂದ ಏನನ್ನೂ ಕೇಳದೆ ತೆರೆದುಬಿಡಬೇಕು.

ಒಬ್ಬರಿಗೆ ಬಂದ ಕಾಗದವನ್ನು ಹಲವರು ಓದಲೆಂದು ಹುಟ್ಟಿದುದು ಪತ್ರಿಕೆ. ಮೂರೂವರೆ ಶತಮಾನಗಳಲ್ಲಿ ಅದರ ಮೈ ಕಾಗದದಿಂದ ಬೆಳಕಿಗೆ ಬದಲಾಯಿತು. ಹುಟ್ಟಿದ ಉದ್ದೇಶವು ಬದಲಾಗಬೇಕಾದ ಕಾರಣವಿಲ್ಲ. ಮನೆಯ ಅಟ್ಟದಲ್ಲಿ ಹಳೆಯ ಸಂಚಿಕೆಗಳನ್ನು ಉಳಿಸಿಕೊಂಡಿರುವ ವಾಚಕ ಮಹಾಶಯರು ಅವುಗಳನ್ನು ತೂಕಕ್ಕೆ ಹಾಕುವುದಕ್ಕೆ ಮೊದಲು ಒಂದು ಸಲ ತಮ್ಮ ಜಿಲ್ಲೆಯ ಸಂಘಕ್ಕೆ ತಿಳಿಸುವರೆಂದು ಆಶಿಸುತ್ತೇವೆ.